ಮುಳುಗುಗಾರನ ರಜೆ ಚೀಟಿ

ಬಂದರಿನ ಮೇಲ್ವಿಚಾರಕರಿಗೆ ನಮಸ್ಕಾರ.

ನಾನು ನಿಮ್ಮ ಮುಳುಗುಗಾರನ ಹೆಂಡತಿ. ರಜೆ ಚೀಟಿ ಬರೆಯಲು ಯಜಮಾನರೇ ಹೇಳಿದರು. "ಜ್ವರ ಅಂತ ಎರಡು ಸಾಲು ಬರಿ ಸಾಕು, ಪುರಾಣ ಬಿಚ್ಚಬೇಡ" ಎಂದಿದ್ದಾರೆ. ಜ್ವರವೇನೂ ಇಲ್ಲ.

ಮೊನ್ನೆ, ಮುಳುಗಿದ ದೋಣಿಗೆ ಸರಪಳಿ ಕಟ್ಟಲು ಅವರನ್ನು ಬಿಡುವೇ ಕೊಡದೆ ಮೂರು ಸಲ ತಳಕ್ಕಿಳಿಸಿದಿರಿ. ಕೀಲು ನೋಯುತ್ತಿದೆ ಎಂದರೆ, "ತಿಮಿಂಗಿಲ ಒಂದು ಮೈಲಿ ಇಳಿಯತ್ತೆ, ನಿಂಗೇನಯ್ಯಾ ಧಾಡಿ?" ಎಂದಿರಂತೆ.

ಇಪ್ಪತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ತಿಮಿಂಗಿಲದ ಮಾತೆತ್ತಿದವರು ನೀವು, ಕೇಳಿ. ಅದು ಒಂದೇ ಉಸಿರಿನಲ್ಲಿ ಗಂಟೆ ಹೊತ್ತು ಕೆಳಗಿರಬಲ್ಲದು, ಏಕೆಂದರೆ ಪ್ರಾಣವಾಯುವನ್ನು ಮಾಂಸಖಂಡದಲ್ಲೇ ಕೂಡಿಟ್ಟುಕೊಂಡಿರುತ್ತದೆ. ಆಳದ ಒತ್ತಡಕ್ಕೆ ಅದರ ಶ್ವಾಸಕೋಶವೇ ಮಡಚಿಕೊಂಡು, ಒಳಗಿನ ಗಾಳಿ ರಕ್ತಕ್ಕೆ ಅಷ್ಟಾಗಿ ಸೇರುವುದಿಲ್ಲ. ನಮ್ಮವರು ಉಸಿರಾಡುವುದು ನಿಮ್ಮ ಕೊಳವೆಯ ಗಾಳಿಯನ್ನು. ಅದು ರಕ್ತದಲ್ಲಿ ಕರಗಿ, ಬೇಗ ಮೇಲೆಳೆದರೆ ಸೋಡಾ ಬಾಟಲಿಯಂತೆ ನೊರೆಯುತ್ತದೆ. ಅಷ್ಟು ಬಲದ ತಿಮಿಂಗಿಲವೂ ಮೇಲೆ ಬಂದರೆ ಸಾಕೆನ್ನುವಷ್ಟು ಉಸಿರೆಳೆದುಕೊಂಡೇ ಮತ್ತೆ ಇಳಿಯುವುದು. ಅದಕ್ಕೆ ಮೇಲ್ವಿಚಾರಕರಿಲ್ಲ.

ಆ ನೊರೆ ಮತ್ತೆ ಕರಗಲೆಂದು ಆಸ್ಪತ್ರೆಯಲ್ಲಿ ಅವರನ್ನು ಒತ್ತಡದ ಕೋಣೆಯಲ್ಲಿ ಮಲಗಿಸುತ್ತಾರಂತೆ. ಎಷ್ಟು ಆಳಕ್ಕೆ ಹೋಗಿದ್ದರು, ಎಷ್ಟು ಹೊತ್ತಿದ್ದರು ಎಂದು ವೈದ್ಯರು ಕೇಳುತ್ತಿದ್ದಾರೆ. ಅದೆಲ್ಲ ನಿಮ್ಮ ದಿನಚರಿ ಪುಸ್ತಕದಲ್ಲಿದೆ. ದಯವಿಟ್ಟು ಇವತ್ತೇ ಕಳಿಸಿ, ತಿದ್ದದೆ ಕಳಿಸಿ.

"ಸೋಮವಾರ ಖಂಡಿತ ಬರ್ತೀನಿ ಅಂತ ಸೇರಿಸು" ಎಂದರು. ಸೇರಿಸಿಲ್ಲ. ರುಜು ಮಾತ್ರ ತಾವೇ ಹಾಕುವುದಾಗಿ ಹಟ ಹಿಡಿದು ಪೆನ್ನು ಇಸಿದುಕೊಂಡರು.

ಇಂತಿ,
ಬರೆದವಳು, ಹೆಂಡತಿ

ಕೆಳಗಿನ ಗೀಟು ಪೆನ್ನು ಜಾರಿ ಬಿದ್ದದ್ದಲ್ಲ. ಅದು ಅವರ ರುಜು.