ಕೋಟಿಯಲ್ಲೊಂದು ಪಾಲು ಬೆಳಕು

ಆಗಸ್ಟ್ ೧೧, ಮಂಗಳವಾರ
ಮಧ್ಯಾಹ್ನ, ಊಟದ ಬಿಡುವಿನಲ್ಲಿ

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ನಿಮ್ಮ ಎರಡು ಕಾಗದಗಳನ್ನೂ ಇಟ್ಟುಕೊಂಡು ಉತ್ತರ ಬರೆಯದೆ ಕೂತಿದ್ದೆ, ಬೈಯಬೇಡಿ. ಫೋನಿನಲ್ಲಿ "ಊಟ ಆಯ್ತಾ, ನಿದ್ದೆ ಬಂತಾ" ಎಂದು ಕೇಳಿ ಇಬ್ಬರೂ ಬೇಗ ಇಟ್ಟುಬಿಡುತ್ತೇವೆ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ. ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಸೀಸೆಯನ್ನು ಕಪಾಟಿನಲ್ಲಿಟ್ಟು ದೂರದಿಂದ ನೋಡುತ್ತಿದ್ದೀರೋ? ನಾನು ಚೆನ್ನಾಗಿದ್ದೇನೆ. ನೀವು ಕಳಿಸಿದ ಸ್ವೆಟರು ಸ್ವಲ್ಪ ಬಿಗಿ. ಮಗಳಿಗೆ ಇನ್ನೂ ಹದಿನಾರು ವರ್ಷ ಎಂದುಕೊಂಡಿದ್ದೀರಿ.

ಕೆಲಸದ ವಿಷಯ ಬರೆಯದೆ ಹೊಟ್ಟೆ ಉಬ್ಬುತ್ತಿದೆ. ಆಸ್ಪತ್ರೆಗಳಿಗೆ ಹೋಗುವ ಔಷಧವೆಲ್ಲ ಮೊದಲು ನಮ್ಮ ಉಗ್ರಾಣಕ್ಕೆ ಬರುತ್ತದೆ. ಬಂದ ಪೆಟ್ಟಿಗೆಯಲ್ಲಿ ಚೀಟಿ ಹೇಳುವ ಔಷಧವೇ ಇದೆಯೋ ಇಲ್ಲವೋ ಎಂದು ನೋಡುವುದು ನನ್ನ ಪಾಲಿನ ಕೆಲಸ. ಹಿಂದೆ ಮಾತ್ರೆ ಪುಡಿ ಮಾಡಿ, ಕರಗಿಸಿ, ಸೋಸಿ, ಎರಡು ದಿನ ಕಾಯಬೇಕಿತ್ತು. ಈಗ ನನ್ನ ಕೈಗೆ ಇಸ್ತ್ರಿಪೆಟ್ಟಿಗೆಯಷ್ಟು ದಪ್ಪದ ಒಂದು ಯಂತ್ರ ಕೊಟ್ಟಿದ್ದಾರೆ. ಮಾತ್ರೆಯ ಪಟ್ಟಿಯನ್ನು ಬಿಚ್ಚುವುದೂ ಬೇಡ. ಪಾರದರ್ಶಕ ಮಗ್ಗುಲಿಗೆ ಯಂತ್ರದ ಮೂತಿ ಇಟ್ಟು ಗುಂಡಿ ಒತ್ತಿದರೆ ಒಂದೇ ಬಣ್ಣದ ಬೆಳಕು ಒಳಗೆ ಹೋಗಿ ಚದುರಿ ವಾಪಸು ಬರುತ್ತದೆ. ಬಹುಪಾಲು ಹೋದ ಬಣ್ಣದಲ್ಲೇ ಬರುತ್ತದೆ. ಕೋಟಿಯಲ್ಲಿ ಒಂದು ಪಾಲು ಮಾತ್ರ ಬಣ್ಣ ಬದಲಿಸಿಕೊಂಡು ಬರುತ್ತದೆ. ಬೇರೆಯವರ ಮನೆಗೆ ಹೋಗಿ ಬಂದವರ ಬಟ್ಟೆಗೆ ಆ ಮನೆಯ ವಾಸನೆ ಅಂಟಿರುತ್ತದಲ್ಲ, ಹಾಗೆ. ಆ ಒಂದು ಪಾಲನ್ನು ಯಂತ್ರ ಗೆರೆಗಳಾಗಿ ಬರೆದು ತೋರಿಸುತ್ತದೆ. ಒಂದು ವಸ್ತುವಿನ ಗೆರೆ ಇನ್ನೊಂದಕ್ಕೆ ಬರುವುದಿಲ್ಲ.

ಇದೇ ಬೆಳಕಿನಲ್ಲಿ ಹರಳು ಅಸಲಿಯೋ ಗಾಜೋ ಎಂದು ನೋಡುತ್ತಾರಂತೆ, ಹಳೆಯ ಚಿತ್ರದ ಬಣ್ಣ ಯಾವುದರಿಂದ ಮಾಡಿದ್ದು ಎಂದು ಚಿತ್ರಕ್ಕೆ ಉಗುರು ತಾಗಿಸದೆ ಹೇಳುತ್ತಾರಂತೆ. ನನಗಂತೂ ದಿನಾ ಗುಂಡಿ ಒತ್ತಿದರೂ ಬೆರಗು ಇಳಿದಿಲ್ಲ.

ಮೊದಲ ವಾರ ನಾನು ಮಾಡಿದ ಘನಕಾರ್ಯ ಕೇಳಿ. ಪುಡಿ ಔಷಧ ಬರುವುದು ದಪ್ಪ ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಹೋಲಿಕೆಗೆಂದು ಮೊದಲು ಯಂತ್ರಕ್ಕೆ ಅಸಲಿ ಔಷಧವನ್ನು ತೋರಿಸಬೇಕಲ್ಲ, ಅದನ್ನೂ ನಾನು ಡಬ್ಬಿಯ ಹೊರಗಿನಿಂದಲೇ ತೋರಿಸಿದ್ದೆ. ಆಮೇಲೆ ಏನಿಟ್ಟರೂ ಯಂತ್ರ 'ಸರಿ' ಎನ್ನುತ್ತಿತ್ತು. ನಾನೋ, ನನ್ನಂಥ ಕೆಲಸಗಾರ್ತಿ ಇಲ್ಲ ಎಂದು ಬೀಗುತ್ತಿದ್ದೆ. ಮೂರನೆಯ ದಿನ ನಮ್ಮ ಮೇಡಂ ಸದ್ದಿಲ್ಲದೆ ಒಂದು ಡಬ್ಬಿ ತಂದಿಟ್ಟರು. ಯಂತ್ರ ಅದಕ್ಕೂ 'ಸರಿ' ಎಂದಿತು. ಮುಚ್ಚಳ ತೆಗೆದರೆ ಒಳಗೆ ಅವರು ಕಾಫಿಗೆ ಹಾಕಿಕೊಳ್ಳುವ ಸಕ್ಕರೆ. "ಏನಮ್ಮ, ಸಕ್ಕರೆ ತಿಂದ್ರೆ ಜ್ವರ ಇಳಿಯತ್ತಾ?" ಎಂದರು. ಮೂರು ದಿನ ನಾನು ಡಬ್ಬಿಯನ್ನು ಡಬ್ಬಿಯ ಜೊತೆ ಹೋಲಿಸಿ ಕೈ ತೊಳೆದುಕೊಂಡಿದ್ದೆ. ಎಲ್ಲವನ್ನೂ ಮತ್ತೆ ಮೊದಲಿನಿಂದ ನೋಡಬೇಕಾಯಿತು.

ಆ ಸಂಜೆ ನಿಮ್ಮ ನೆನಪು ಬಹಳ ಬಂತು. ಶಾಲೆಯ ಪ್ರಯೋಗಾಲಯದಲ್ಲಿ ನೀವು ಅಟೆಂಡರ್. ಮಕ್ಕಳು ಕೊಳೆ ಮಾಡಿಟ್ಟ ಗಾಜಿನ ಬುಡ್ಡಿಗಳನ್ನು ತೊಳೆಯುತ್ತ, ಪಕ್ಕದ ಸ್ಟೂಲಿನ ಮೇಲೆ ಕೂತ ನನಗೆ ಹೇಳುತ್ತಿದ್ದಿರಿ. "ಕಡಲು ಯಾಕೆ ನೀಲಿ ಅಂದ್ರೆ, ಆಕಾಶ ಅದರಲ್ಲಿ ಕಾಣೋದಕ್ಕೆ ಅಂತ ದೊಡ್ಡ ದೊಡ್ಡೋರೇ ಹೇಳಿಬಿಟ್ಟಿದ್ರು. ನಮ್ಮ ದೇಶದ ವಿಜ್ಞಾನಿಯೊಬ್ರು ಒಪ್ಪಲಿಲ್ಲ. ಹಡಗಿನ ಮೇಲೆ ನಿಂತು, ಸ್ಫಟಿಕದ ತುಂಡಿನಿಂದ ನೀರಿನ ಮೇಲಿನ ಹೊಳಪನ್ನ ಅಡಗಿಸಿ ನೋಡಿದ್ರು. ನೀಲಿ ಹೋಗಲೇ ಇಲ್ಲ. ನೀರೇ ಬೆಳಕನ್ನ ಚದುರಿಸ್ತಿತ್ತು." ಅಲ್ಲಿಂದ ಹಿಡಿದ ಹಟ ಏಳು ವರ್ಷ ಬಿಡಲಿಲ್ಲವಂತೆ. ದ್ರವದಲ್ಲಿ ಹಾಯ್ದ ಬಿಸಿಲು ಬೇರೆ ಬಣ್ಣದ ಮಂದ ಬೆಳಕನ್ನು ತಂದಾಗ, ಕೊಳೆಯಿಂದ ಬಂದ ಮಿನುಗಿರಬೇಕು ಎಂದು ದ್ರವವನ್ನು ಮತ್ತೆ ಮತ್ತೆ ಶುದ್ಧ ಮಾಡಿದರಂತೆ. ಆದರೂ ಅದು ಹೋಗಲಿಲ್ಲ. "ಬಿಸಿಲು, ಬಣ್ಣದ ಗಾಜು, ಒಂದು ಬುಡ್ಡಿ, ಎರಡು ಕಣ್ಣು. ಇಷ್ಟೇ ಸಾಮಾನು. ನಮ್ಮ ಶಾಲೇಲಿ ಇದಕ್ಕಿಂತ ಜಾಸ್ತಿ ಇದೆ, ಅರ್ಧ ಒಡೆದಿದೆ ಅಷ್ಟೆ" ಎಂದು ನಗುತ್ತಿದ್ದಿರಿ. ನಾನು ಪ್ರತಿ ಮಾತಿಗೂ "ಯಾಕೆ, ಯಾಕೆ" ಎಂದು ಪ್ರಾಣ ತಿಂದು ಯಾಕಮ್ಮ ಎಂಬ ಹೆಸರು ಸಂಪಾದಿಸಿದೆ. ಅಪ್ಪ, ಆಮೇಲೆ ನಾನು ಕಲಿತ ಯಾವ ಮೇಷ್ಟರೂ ನಿಮ್ಮಷ್ಟು ಚೆನ್ನಾಗಿ ಅದನ್ನು ಹೇಳಲಿಲ್ಲ. ಅಮ್ಮ ಹೋದ ಮೇಲೆ ನೀವೂ ಹೇಳಲಿಲ್ಲ.

ಹೋದ ತಿಂಗಳು ಫಿಟ್ಸ್ ಮಾತ್ರೆಗಳ ಪೆಟ್ಟಿಗೆಗಳು ಬಂದವು. ಹೊದಿಕೆ ಅದೇ, ಅಕ್ಷರ ಅದೇ, ಮಾತ್ರೆಯ ಮೇಲಿನ ಗೀಟೂ ಅದೇ. ಯಂತ್ರ ಒಪ್ಪಲಿಲ್ಲ. ಸಕ್ಕರೆಯ ಪಾಠ ನೆನಪಿತ್ತಲ್ಲ, ಮೂತಿ ಒರೆಸಿ ನಾಲ್ಕು ಸಲ ನೋಡಿದೆ. ಬಂದದ್ದು ಸೀಮೆಸುಣ್ಣದ ಗೆರೆ, ಹಿಟ್ಟಿನ ಗೆರೆ. ಔಷಧದ್ದು ಒಂದೂ ಇಲ್ಲ. ಲಾರಿಯನ್ನು ಅಲ್ಲೇ ತಡೆದರು. ಮೇಡಂ ಹೊಗಳುವವರಲ್ಲ, ಅಂದು ಮಾತ್ರ ನನ್ನ ಬೆನ್ನು ತಟ್ಟಿ, "ಎಷ್ಟು ಮನೆ ಉಳೀತೋ" ಎಂದರು. ನಾನು ಅಲ್ಲೇ ಪೆಟ್ಟಿಗೆಯ ಮೇಲೆ ಕೂತೆ.

ಅಮ್ಮ ನುಂಗುತ್ತಿದ್ದದ್ದೂ ಇದೇ ಮಾತ್ರೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ನೀವೇ ಕೈಗೆ ಕೊಡಬೇಕು. ಹತ್ತೊಂಬತ್ತು ವರ್ಷದ ಹಿಂದೆ, ಶಾಲೆಯ ವಿಜ್ಞಾನ ಪ್ರದರ್ಶನದ ದಿನ ಬೆಳಿಗ್ಗೆ, ಮೆಟ್ಟಿಲ ಮೇಲೆ ಫಿಟ್ಸ್ ಬಂದು ಬಿದ್ದವರು ಏಳಲಿಲ್ಲ. ದೊಡ್ಡಮ್ಮ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲರೆದುರು ಕೇಳಿದರು, "ಮಾತ್ರೆ ಕೊಟ್ಟಿದ್ರಾ?" ನೀವು ಹೇಳಿದಿರಿ, "ಇಲ್ಲ ಅತ್ತಿಗೆ. ಪ್ರದರ್ಶನದ ಗಡಿಬಿಡೀಲಿ ಮರೆತುಬಿಟ್ಟೆ." ಅಂದಿನಿಂದ ದೊಡ್ಡಮ್ಮ ನಮ್ಮ ಹೊಸಿಲು ತುಳಿದಿಲ್ಲ. ಎದುರಿಗೆ ಸಿಕ್ಕರೆ ನೀವೇ ರಸ್ತೆಯ ಆಚೆ ಬದಿಗೆ ಸರಿಯುತ್ತೀರಿ.

ಅಮ್ಮನ ಒಂದು ಮಾತ್ರೆ ನನ್ನ ಹತ್ತಿರ ಉಳಿದಿತ್ತು. ಅದೂ ಸೀಮೆಸುಣ್ಣವೇ ಆಗಿದ್ದರೆ? ಆಗ ಕೊಟ್ಟಿದ್ದರೂ ಒಂದೇ, ಬಿಟ್ಟಿದ್ದರೂ ಒಂದೇ. ನಿಮ್ಮ ತಲೆಯ ಮೇಲಿನ ಭಾರವನ್ನು ಯಂತ್ರದ ಗೆರೆಗಳ ಒಂದು ಹಾಳೆ ತೋರಿಸಿ ಇಳಿಸಬಹುದಿತ್ತು. ಮೇಡಂ ಹತ್ತಿರ ಅಪ್ಪಣೆ ಕೇಳಿದೆ. "ಯಾವ ಕಾಲದ್ದಮ್ಮ ಇದು?" ಎಂದರು, ನನ್ನ ಮುಖ ನೋಡಿ ಯಂತ್ರವನ್ನು ನನ್ನ ಕಡೆ ಸರಿಸಿದರು. ಔಷಧದ ಗೆರೆ ಬರದಿರಲಿ ಎಂದು ಬೇಡಿಕೊಂಡು ಗುಂಡಿ ಒತ್ತಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಬಿಡುವು ಮುಗಿಯುತ್ತ ಬಂತು, ಮೇಡಂ ಕತ್ತು ಉದ್ದ ಮಾಡಿ ನೋಡುತ್ತಿದ್ದಾರೆ. ಮಂಡಿಗೆ ಎಣ್ಣೆ ಮರೆಯಬೇಡಿ. ನಿಮ್ಮ ಕೈ ನನ್ನ ತಲೆಯ ಮೇಲೆ ಇಷ್ಟು ವರ್ಷ ಇದ್ದ ಹಾಗೆ ಇನ್ನು ಮುಂದೆಯೂ ಇರಲಿ.

ನಿಮ್ಮ ಮಗಳು,
ಯಾಕಮ್ಮ

ಮೇಲೆ ಬರೆಯಲಾಗದೆ ಬಿಟ್ಟದ್ದು: ಗೆರೆಗಳು ಬಂದವು ಅಪ್ಪ, ಒಂದೂ ತಪ್ಪದೆ. ಮಾತ್ರೆ ಅಸಲಿ. ಅದು ಅಮ್ಮನ ಆ ಬೆಳಗಿನ ಮಾತ್ರೆ. ನೀವು ಮರೆತಿರಲಿಲ್ಲ. ಸ್ಟೀಲ್ ಮುಚ್ಚಳದಲ್ಲಿಟ್ಟು, ಚಪ್ಪಲಿ ಮೆಟ್ಟುತ್ತ, "ಯಾಕಮ್ಮ, ಅಮ್ಮ ಎದ್ದ ಕೂಡ್ಲೇ ಕೊಡು" ಎಂದು ಹೇಳಿ ಹೋದಿರಿ. ನಾನು ಹೂಂ ಎಂದೆ. ಹಿಂದಿನ ದಿನ ನೀವು ಹೇಳಿಕೊಟ್ಟಂತೆ ಲೋಟದ ನೀರಿಗೆ ಹಾಲಿನ ಹನಿ ಬಿಟ್ಟು ಟಾರ್ಚ್ ಹಿಡಿದಿದ್ದೆ. ಪಕ್ಕದಿಂದ ನೀಲಿ ಕಂಡಿತು, ಎದುರಿನಿಂದ ಕೆಂಪು. ಅಮ್ಮ ಎದ್ದದ್ದು ನನಗೆ ಕೇಳಲೇ ಇಲ್ಲ. ನೀವು ಓಡಿ ಬಂದಾಗ ಮಾತ್ರೆ ಮುಚ್ಚಳದಲ್ಲೇ ಇತ್ತು. ನೀವು ಅದನ್ನು ನೋಡಿದಿರಿ, ನನ್ನನ್ನು ನೋಡಿದಿರಿ, ಆಮೇಲೆ ದೊಡ್ಡಮ್ಮನ ಕಡೆ ತಿರುಗಿದಿರಿ. ಮಾತ್ರೆಯನ್ನು ನಾನು ಜಾಮಿಟ್ರಿ ಡಬ್ಬಿಯಲ್ಲಿಟ್ಟುಕೊಂಡೆ, ಬಾಯಿ ಮುಚ್ಚಿಕೊಂಡೆ. ಹತ್ತೊಂಬತ್ತು ವರ್ಷದಲ್ಲಿ ನೀವು ಒಂದು ಸಲವೂ ಕೇಳಲಿಲ್ಲ.

ಇದನ್ನೆಲ್ಲ ಬರೆದು ದೊಡ್ಡಮ್ಮನಿಗೆ ನಿನ್ನೆಯೇ ಕಾಗದ ಹಾಕಿದ್ದೇನೆ. ನಿಮಗೆ ಮೊದಲು ತಿಳಿಸಿದ್ದರೆ ಬೇಡ ಎನ್ನುತ್ತಿದ್ದಿರಿ. ಅವರು ಬಂದರೆ ಬಾಗಿಲು ತೆಗೆಯಿರಿ. ಶನಿವಾರ ಬೆಳಗಿನ ಬಸ್ಸಿಗೆ ನಾನು ಬರುತ್ತೇನೆ, ನನಗೂ ತೆಗೆಯಿರಿ.