ಸದ್ದಿನ ಮನೆ

ಜೂನ್ 9, ಸೋಮವಾರ
ಮನೋಹರ್ ಅವರ ಶೆಡ್ಡಿನಲ್ಲಿ ಎಂದಿನಂತೆ ಕರೆಂಟು ಮಗ್ಗದ ಮುಂದೆ ನಿಂತೆ. ಮಧ್ಯಾಹ್ನ ಕರೆಂಟು ಹೋಯಿತು. ಕಾಲಡಿ ನೆಲ ನಡುಗುವುದು ನಿಂತಾಗಲೇ ನನಗೆ ಗೊತ್ತಾಗುವುದು. ಪಕ್ಕದ ಮಗ್ಗದ ಗಂಗಲಕ್ಷ್ಮಮ್ಮ ಮುಖದೆದುರು ಬಂದು ನಿಧಾನವಾಗಿ ತುಟಿ ಆಡಿಸಿದಳು. “ಬುಧವಾರ ಆಸ್ಪತ್ರೇಲಿ ಕಿವಿ ಕ್ಯಾಂಪಂತೆ. ಹೋಗೇ ಅಮ್ರೀನ್.” ಬಾಯಿ ನೋಡಿ ಮಾತು ತಿಳಿದುಕೊಳ್ಳುವುದು ಎಂದೋ ರೂಢಿಯಾಗಿದೆ. ಹೊಸದಾಗಿ ಇನ್ನೇನು ಹೇಳಿಯಾರು... ಆದರೂ ರಜ ಕೇಳಿದೆ.

ಜೂನ್ 11, ಸಂಜೆ
ಹೋಗಿ ಬಂದೆ. ಡಾಕ್ಟರ್ ಅರ್ಪಿತ ಅಂತ, ಚಿಕ್ಕ ವಯಸ್ಸು. ಮಾಸ್ಕ್ ತೆಗೆದು ಮಾತಾಡಿದರು, ಒಳ್ಳೆಯವರು. ಎಡಗಿವಿ ಪೂರ್ತಿ ಹೋಗಿದೆಯಂತೆ. ಬಲಗಿವಿಯಲ್ಲಿ ಅಷ್ಟಿಷ್ಟು. ಮೆಷಿನ್ ಹಾಕಿದರೂ ಮಾತು ಬಿಡಿಸಿ ಕೇಳುವುದು ಕಷ್ಟ.

“ಮಗ್ಗದ ಸದ್ದಿಗೆ ಚಿಕ್ಕಂದಿನಿಂದ್ಲೇ ಶುರುವಾಗಿರ್ಬೇಕು. ಇಷ್ಟು ವರ್ಷ ಯಾಕಮ್ಮಾ ಸುಮ್ನಿದ್ರಿ?”

ಸುಮ್ಮನಿದ್ದೆನಾ ನಾನು?

ನಮ್ಮ ಮನೆಯ ಹಜಾರದಲ್ಲೇ ಮಗ್ಗ. ಅದರ ಮೇಲಿನ ತೊಲೆಗೆ ನನ್ನ ತೊಟ್ಟಿಲು. ಅಮ್ಮಿ ಒಂದು ಕೈಯಲ್ಲಿ ನೂಲು ಸುತ್ತುತ್ತಾ ಇನ್ನೊಂದು ಕೈಯಲ್ಲಿ ತೂಗುತ್ತಿದ್ದಳು. ಶಾಲೆಯಲ್ಲಿ ಉಕ್ತಲೇಖನ ತಪ್ಪು ತಪ್ಪು ಬರೆದೆ — ದಡ್ಡಿ ಅಂದರು, ಹಿಂದಿನ ಬೆಂಚಿಗೆ ಕಳಿಸಿದರು. ಹಿಂದೆ ಕೂತರೆ ಇನ್ನೂ ಕೇಳದು. ಓದು ಹತ್ತುವುದಿಲ್ಲ ಎಂದು ಬಿಡಿಸಿದರು. ಓದು ಬಿಟ್ಟವಳಿಗೆ ಮತ್ತೆ ಮಗ್ಗವೇ. ಒಮ್ಮೆ ಗಾರ್ಮೆಂಟ್ಸಿಗೆ ಸೇರಿದ್ದೆ. ಸೂಪರ್‌ವೈಸರ್ ಹಿಂದಿನಿಂದ ಕೂಗಿದನಂತೆ, ನಾನು ತಿರುಗಲಿಲ್ಲ. ಕೊಬ್ಬು ಅಂದ. ಆಚೆಗೆ ಹಾಕಿದ. ಮತ್ತೆ ಮಗ್ಗ.

ಪುಸ್ತಕ ಮುಚ್ಚುತ್ತೇನೆ. ಸಾಕು.

ಜೂನ್ 12
ನಿನ್ನೆಯದು ಮುಗಿಯಲಿಲ್ಲ. ಕೆಪ್ಪಿಗೆ ಇನ್ನೆಂಥ ವರ ಸಿಗ್ತಾನೆ ಅಂತ ಹೈದರ್‌ಗೆ ಕೊಟ್ಟರು. ಹೆಂಡತಿ ಸತ್ತವರು, ದೊಡ್ಡ ಗಂಡುಮಕ್ಕಳಿದ್ದವರು. ಕೆಟ್ಟವರಲ್ಲ. ಅವರು ತೀರಿದ ಮೇಲೆ ಹಿರಿಯರು ಮನೆಯ ವಿಚಾರಕ್ಕೆ ಕೂತರು. ಎಲ್ಲರೂ ಒಟ್ಟಿಗೆ ಬಾಯಿ ಆಡಿಸಿದರೆ ಯಾರ ಬಾಯಿ ನೋಡಲಿ? ಏನೋ ಕೇಳಿದರು. ತಲೆ ಆಡಿಸಿದೆ. ಮನೆ ಹೈದರ್ ಅವರ ಮಕ್ಕಳಿಗೆ ಹೋಯಿತು. “ನೀನೇ ಒಪ್ಕೊಂಡೆಯಲ್ಲಮ್ಮಾ” ಅಂದರು.

ಅಂದಿನಿಂದ ಗಲ್ಲಿಯ ಕೊನೆಯ ಈ ಬಾಡಿಗೆ ಕೋಣೆ. ಯಾರ ಮೇಲೆ ಕೋಪ ಮಾಡಿಕೊಳ್ಳಲಿ? ಒಬ್ಬರೇ ಆಗಿದ್ದರೆ ಮನೆ ಬಾಗಿಲಿಗೆ ಹೋಗಿ ಜಗಳವಾಡಿ ಬರುತ್ತಿದ್ದೆ.

ಜೂನ್ 29, ಭಾನುವಾರ
ನನ್ನ ತಮ್ಮ ಸಕ್ಲೇನ್‌ನ ಹೆಂಡತಿ ಸುಮೇರಾ ಬಾಣಂತನ ಮುಗಿಸಿ ತವರು ಸೂಲಿಬೆಲೆಯಿಂದ ಬಂದಳು. ಹೆಣ್ಣು ಮಗು. ಬೆಲ್ಲದಂಥ ಮೂತಿ. ನೋಡಲು ಅಮ್ಮಿಯ ಮನೆಗೆ ಹೋದೆ.

ಮಗ್ಗ ಓಡುತ್ತಿದೆ. ಮಗು ಅದೇ ತೊಲೆಯ ಕೆಳಗೆ!

“ಇಳಿಸು” ಅಂದೆ. ಯಾರೂ ಅಲುಗಲಿಲ್ಲ. ನಾನೇ ಹೋಗಿ ಸ್ವಿಚ್ ಆಫ್ ಮಾಡಿದೆ.

ಸಕ್ಲೇನ್ ಎದ್ದು ಬಂದ. “ಏನಾಪಾ ಇದು? ನಾಳೆ ಸೀರೆ ಕೊಡ್ಬೇಕು. ಇಲ್ಲಿ ಮಲಗಿಸ್ದೆ ಇನ್ನೆಲ್ಲಿ ಮಲಗಿಸ್ಲಿ? ಅಡಿಗೆಮನೇಲಾ?”

ಅಮ್ಮಿಯೂ ಸೇರಿದಳು. “ನಿಮ್ಮಿಬ್ರನ್ನೂ ಅಲ್ಲೇ ಬೆಳೆಸಿದ್ದು. ಏನಾಯ್ತೀಗ?”

“ನನ್ನನ್ನೇ ಕೇಳ್ತೀಯಾ ಅಮ್ಮಿ, ಏನಾಯ್ತು ಅಂತ?”

ಅಮ್ಮಿಯ ಸೆರಗು ಕಣ್ಣಿಗೆ ಹೋಯಿತು. ಪಾಪ ಅನ್ನಿಸಿತು, ಆದರೂ ಬಿಡಲಿಲ್ಲ. ಸಕ್ಲೇನ್ ಕಡೆ ತಿರುಗಿದೆ.

“ಟೀವಿ ಅಷ್ಟು ಜೋರಾಗಿ ಯಾಕೋ ಹಾಕ್ತೀಯಾ? ಗಲ್ಲಿಯೋರೆಲ್ಲಾ ನಗ್ತಾರೆ. ನಿಂಗೂ ಶುರುವಾಗಿದೆ ಕಣೋ!”

ಅವನು ನೆಲ ನೋಡಿದ. ಸುಮೇರಾ ಮಗುವನ್ನು ತೊಟ್ಟಿಲಿಂದ ಎತ್ತಿ ನನ್ನ ಕೈಗಿಟ್ಟಳು. “ಹಗಲೊತ್ತು ನಿಮ್ಮತ್ರಾನೇ ಇರ್ಲಿ ಆಪಾ. ಹಾಲು ಕುಡಿಸೋಕೆ ನಾನೇ ಬರ್ತೀನಿ.”

“ಹಂಗಾದ್ರೆ ನಾನು ಶೆಡ್ಡಿಗೆ ಹೋಗಲ್ಲ. ನನ್ನ ಊಟ, ಬಾಡಿಗೆ ನಿಮ್ದು. ಒಪ್ಪಿಗೇನಾ? ಬಾಯಿ ಬಿಟ್ಟು ಹೇಳಿ. ನೋಡ್ತಿದ್ದೀನಿ.”

ಸಕ್ಲೇನ್ ಒಪ್ಪಿಗೆ ಅಂದ. ಎರಡು ಸಲ ಹೇಳಿಸಿದೆ.

ಜೂನ್ 30
ಶೆಡ್ಡಿಗೆ ಹೋಗಿ ಕೆಲಸ ಬಿಡುತ್ತೇನೆ ಅಂದೆ. ಡಾಕ್ಟರೂ ಸದ್ದಿನಿಂದ ದೂರವಿರಿ ಅಂದಿದ್ದಾರೆ ಅಂದೆ. ಮನೋಹರ್ ನಕ್ಕರು. “ಇರೋ ಕಿವಿನೇ ಹೋಗಿದೆಯಲ್ಲಮ್ಮಾ, ಇನ್ನು ಸದ್ದೇನು ಮಾಡುತ್ತೆ ನಿಂಗೆ?”

“ನಿಮ್ಮ ಮೊಮ್ಮಗು ಎಲ್ಲಿ ಮಲಗುತ್ತೆ ಸಾರ್?”

ಮನೋಹರ್ ಲೆಕ್ಕದ ಪುಸ್ತಕ ತೆರೆದರು. ಎಲ್ಲರಿಗೂ ಗೊತ್ತು, ಮಹಡಿ ಮೇಲೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ. ಸದ್ದು ಕೆಟ್ಟದ್ದು ಅಂತ ಅವರಿಗೆ ಗೊತ್ತಿತ್ತು. ಮೊದಲಿಂದಲೂ ಗೊತ್ತಿತ್ತು! ಗಂಗಲಕ್ಷ್ಮಮ್ಮ ಮಗ್ಗ ನಿಲ್ಲಿಸಿ ನಮ್ಮಿಬ್ಬರನ್ನೇ ನೋಡುತ್ತಿದ್ದಳು.

ಆಗಸ್ಟ್ 3
ಬರೆಯಲು ಪುರುಸೊತ್ತಿಲ್ಲ. ಗಂಗಲಕ್ಷ್ಮಮ್ಮನ ಮೊಮ್ಮಗನೂ ಈಗ ಹಗಲು ನನ್ನ ಕೋಣೆಯಲ್ಲೇ. ಹಿಂಬದಿ ಮನೆಯವರೂ ತಮ್ಮ ಮಗುವನ್ನು ಬಿಡಲು ಕೇಳಿದ್ದಾರೆ, ಕೋಣೆ ಸಾಲದು. ಎದುರಿಗಿರುವ ಖಾಲಿ ಕೋಣೆ ಕೊಡಿಸಿ ಎಂದು ವಾರ್ಡ್ ಮೆಂಬರ್ ಹತ್ತಿರ ಹೆಂಗಸರೆಲ್ಲಾ ಹೋಗಿದ್ದೆವು. “ಎಲ್ಲಾ ಮಗ್ಗದ ಸದ್ದಲ್ಲಿ ಹಂಗೇ ಬೆಳೆದಿರೋದಪ್ಪಾ” ಅಂದ ಮಹಾಶಯ. ಬೆಳೆದಿರುವುದು ಹೀಗೆ ನೋಡು ಎಂದು ನನ್ನ ಕಿವಿ ತೋರಿಸಿ ಬಂದೆ. ಅಳುಕಾಗಲಿಲ್ಲ. ಆಶ್ಚರ್ಯ.

ಸೆಪ್ಟೆಂಬರ್ 14, ಭಾನುವಾರ
ಮಧ್ಯಾಹ್ನ. ಗಲ್ಲಿಯಲ್ಲಿ ಇವತ್ತು ಮಗ್ಗ ಓಡುತ್ತಿಲ್ಲ. ಸುಮೇರಾ ಸಂತೆಗೆ ಹೋಗಿದ್ದಾಳೆ, ಮಗು ನನ್ನ ತೊಡೆಯ ಮೇಲೆ. ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ನನ್ನ ಬಾಯಿಯನ್ನೇ ನೋಡುತ್ತಿದೆ ಕಳ್ಳಿ. ಬೇಡ ತಾಯಿ, ನೀನು ಬಾಯಿ ನೋಡುವುದು ಕಲಿಯಬೇಡ.

ಇದ್ದಕ್ಕಿದ್ದಂತೆ ಬಾಗಿಲ ಕಡೆ ಕತ್ತು ತಿರುಗಿಸಿತು. ನನಗೇನೂ ಕೇಳಿಸಲಿಲ್ಲ. ನನ್ನ ಕಡೆ ನೋಡಿತು, ಮತ್ತೆ ಬಾಗಿಲ ಕಡೆ —

ಯಾರೋ ತಟ್ಟುತ್ತಿರಬೇಕು. ಇವಳಿಗೆ ಕೇಳುತ್ತಿದೆ. ಬಂದೆ, ಬಂದೆ. ಪೆನ್ನು ಕೆಳಗಿಡುತ್ತೇನೆ.