ಗಡಿಯಲ್ಲಿ ಬಿಟ್ಟ ಚಪ್ಪಲಿ

ನನ್ನ ಹಟಮಾರಿ ಅಪ್ಪನಿಗೆ,

ಕಾರವಾರದ ಮನೆಯ ಜಗಲಿಯಲ್ಲಿ ಕೂತು ನೀನು ಗೋವಾ ಜೈಲಿನ ಕಥೆ ಹೇಳುತ್ತಿದ್ದದ್ದು ನೆನಪಾಗುತ್ತಿದೆ. ಪೋರ್ಚುಗೀಸರು ಗೋವಾ ಬಿಟ್ಟು ಹೋಗಲಿ ಎಂದು ಸತ್ಯಾಗ್ರಹಕ್ಕೆ ಗಡಿ ದಾಟಿ ಹೋಗಿ ಸಿಕ್ಕಿಬಿದ್ದವನು ನೀನು. ನಿನ್ನನ್ನು ಏನು ಮಾಡುವುದೆಂದೇ ಅವರಿಗೆ ತಿಳಿಯಲಿಲ್ಲವಂತೆ. ಹಡಗು ಹತ್ತಿಸಿ ಲಿಸ್ಬನ್ನಿಗೆ ಕಳಿಸಿದರೆ ದಿಲ್ಲಿ ಸುಮ್ಮನಿರುವುದಿಲ್ಲ, ಜೈಲಿನಲ್ಲೇ ಇಟ್ಟರೆ ಪತ್ರಿಕೆಗಳು ಸುಮ್ಮನಿರುವುದಿಲ್ಲ, ಹಾಗೇ ಬಿಟ್ಟರೆ ನೀನು ಸುಮ್ಮನಿರುವವನಲ್ಲ. ಕೊನೆಗೆ ಗಡೀಪಾರೇ ಸುಲಭ ಎಂದುಕೊಂಡರು. ಪಾಪ, ನಿನ್ನ ಸ್ವಭಾವ ಅವರಿಗೇನು ಗೊತ್ತು?

ಗಡಿಯ ಗೇಟಿನ ಹತ್ತಿರ ಜೀಪಿನಿಂದ ಇಳಿಸಿ, ನಿನ್ನ ದೇಶಕ್ಕೆ ನಡಿ ಎಂದಾಗ ನೀನು ಚಪ್ಪಲಿ ಕಳಚಿಟ್ಟು ನೆಲದ ಮೇಲೆ ಕೂತುಬಿಟ್ಟೆಯಂತೆ. "ಕೂತದ್ದೇ ನನ್ನ ದೇಶದಲ್ಲಿ ಮಾರಾಯ, ಇನ್ನೆಲ್ಲಿಗೆ ಹೋಗೂದು?" ಎದ್ದು ನಡೆದರೆ ಗೋವಾ ಪರದೇಶವೆಂದು ಒಪ್ಪಿಕೊಂಡ ಹಾಗೆ, ಅದು ನಿನ್ನ ವಾದ. ಇಬ್ಬರು ಪೊಲೀಸರು ನಿನ್ನನ್ನು ಎತ್ತಿ ಆಚೆ ಇಟ್ಟು ಹೋದರು. ಚಪ್ಪಲಿ ಗೋವಾದಲ್ಲೇ ಉಳಿಯಿತು. ಮರುದಿನ ಚಪ್ಪಲಿ ತರುವ ನೆಪದಲ್ಲಿ ಮತ್ತೆ ಒಳಗೆ ಹೋಗಿ ಮತ್ತೆ ಸಿಕ್ಕಿಬಿದ್ದೆ. ಚಪ್ಪಲಿ ಬಿಟ್ಟಲ್ಲಿ ಮನುಷ್ಯ ಇದ್ದಾನೆ ಅಂತಲೇ ಅರ್ಥ ಎಂದು ನೀನು ನಗುತ್ತಿದ್ದೆ. ಅಜ್ಜಿ ಮಾತ್ರ ನಗುತ್ತಿರಲಿಲ್ಲ...

ನೀನು ಇಲ್ಲಿ ಇಂಗ್ಲೆಂಡಿಗೆ, ವಿದನ್‌ಶಾದ ನಮ್ಮ ಮನೆಗೆ ಬಂದಿದ್ದಾಗ ಇದೇ ಕಥೆಯನ್ನು ನಿನ್ನ ಮೊಮ್ಮಗಳು ನಿಧಿಗೂ ಹೇಳಿದ್ದೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಕೇಳಿಸಿಕೊಂಡಳೋ ಇಲ್ಲವೋ ಎಂದು ನಿನಗೆ ಅನುಮಾನ. ಕೇಳಿಸಿಕೊಂಡಿದ್ದಳು ಅಪ್ಪ. ಈಗ ಅವಳು ವಕೀಲೆ. ಈ ದೇಶ ಹೊರಹಾಕಲು ಹೊರಟವರ ಪರವಾಗಿ ವಾದ ಮಾಡುತ್ತಾಳೆ.

ಕಳೆದ ಚೌತಿಯ ದಿನ ಒಬ್ಬರನ್ನು ಊಟಕ್ಕೆ ಕರೆತಂದಳು. ಹೆಸರು ಬೇಡ, ಮೇಷ್ಟ್ರು ಎನ್ನೋಣ. ತಮ್ಮ ದೇಶದ ಸರ್ಕಾರದ ವಿರುದ್ಧ ಮಾತಾಡಿ ಜೈಲು ಕಂಡು, ತಪ್ಪಿಸಿಕೊಂಡು ಬಂದವರು. ಅವರನ್ನು ವಾಪಸ್ ಕೊಡಿ ಎಂದು ಆ ಸರ್ಕಾರ ಪಟ್ಟು ಹಿಡಿದಿತ್ತು. ಇಟ್ಟುಕೊಂಡರೆ ಎರಡು ದೇಶಗಳ ಸಂಬಂಧ ಕೆಡುತ್ತದೆ, ಕಳಿಸಿದರೆ ಇವರ ಜೀವಕ್ಕೇ ಅಪಾಯ. ನಿನ್ನ ಪೋರ್ಚುಗೀಸರ ಪೇಚಾಟವೇ ಅಲ್ಲವೇ ಇದು? ಬಾಗಿಲಲ್ಲಿ ಶೂ ಬಿಚ್ಚಿ ಎಂದೆ. ಅವರು ಬಿಚ್ಚಲಿಲ್ಲ. ಒಳಗೆ ಗಣಪತಿ ಕೂತಿದ್ದಾನೆ, ನನಗೆ ಸಿಟ್ಟೇ ಬಂತು. ನಿಧಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಬಿಡಮ್ಮಾ, ಪ್ಲೀಸ್. ಯಾವಾಗ ಬಂದು ಕರ್ಕೊಂಡು ಹೋಗ್ತಾರೋ ಅಂತ ಅವ್ರು ಶೂ ಹಾಕ್ಕೊಂಡೇ ಮಲಗ್ತಾರೆ."

ಆಮೇಲೆ ನಾನೇ ಬಡಿಸಿದೆ. ಏರ್‌ಪೋರ್ಟು ಹತ್ತಿರವಲ್ಲವೇ, ಮನೆಯ ಮೇಲೆ ವಿಮಾನ ಹೋದಾಗಲೆಲ್ಲ ಅವರ ಕೈಯ ತುತ್ತು ಅಲ್ಲೇ ನಿಲ್ಲುತ್ತಿತ್ತು.

ವಿಚಾರಣೆಯ ದಿನ ಆಸ್ಪತ್ರೆಯ ಕೆಲಸದ ಪಾಳಿ ಬದಲಿಸಿಕೊಂಡು ನಾನೂ ಕೋರ್ಟಿಗೆ ಟ್ರಾಮ್ ಹತ್ತಿದೆ. ಮೇಷ್ಟ್ರಿಗೆ ಏನೂ ಮಾಡುವುದಿಲ್ಲವೆಂದು ಆ ದೇಶ ಭರವಸೆ ಕೊಟ್ಟಿದೆ ಎಂದರು ಇಲ್ಲಿನ ಸರ್ಕಾರದ ವಕೀಲರು. ನಿಧಿ ಎದ್ದು, ಆ ಭರವಸೆ ಮುರಿದರೆ ಇವರನ್ನು ವಾಪಸ್ ಕರೆತರುವವರು ಯಾರು ಎಂದು ಕೇಳಿದಳು. ಅವರು ಬೇರೇನೋ ಹೇಳಿದರು. ಇವಳು ಮತ್ತೆ ಅದನ್ನೇ ಕೇಳಿದಳು. ಜಾಗ ಬಿಟ್ಟು ಕದಲಲಿಲ್ಲ. ನಿಂತಿದ್ದವಳು ಅವಳು, ನನ್ನ ಕಣ್ಣಿಗೆ ಕಂಡದ್ದು ಗಡಿಯಲ್ಲಿ ಕೂತ ನೀನು. ಅಷ್ಟು ಹೆಮ್ಮೆ ನನಗೆ ಇಷ್ಟು ವರ್ಷದಲ್ಲಿ ಆಗಿದ್ದಿಲ್ಲ ಅಪ್ಪ.

ಮೊನ್ನೆ ತೀರ್ಪು ಬಂತು. ನಿಧಿ ಫೋನಿನಲ್ಲಿ ಕನ್ನಡದಲ್ಲೇ ಹೇಳಿದಳು: "ಅಮ್ಮಾ, ಅವ್ರು ಇಲ್ಲೇ ಇರ್ತಾರೆ." ನಾನು ಅತ್ತುಬಿಟ್ಟೆ. ನೀನಿದ್ದಿದ್ದರೆ ಜಗಲಿ ಹಾರಿ ಬೀದಿಗೆಲ್ಲ ಹೇಳಿ ಬರುತ್ತಿದ್ದೆ.

ಇವತ್ತು ಮಧ್ಯಾಹ್ನ ಮೇಷ್ಟ್ರು ಮತ್ತೆ ಊಟಕ್ಕೆ ಬಂದರು. ಈ ಸಲ ನಾನು ಶೂ ಮಾತು ಎತ್ತುವ ಮೊದಲೇ, ಅವರೇ ಬಾಗಿಲಲ್ಲಿ ಬಗ್ಗಿ, ಲೇಸು ಬಿಚ್ಚಿ, ಶೂ ಜೋಡಿಸಿಟ್ಟು ಒಳಗೆ ಬಂದರು. ಉಂಡು ಸೋಫಾದ ಮೇಲೆ ಒರಗಿದವರಿಗೆ ನಿದ್ದೆ ಹತ್ತಿದೆ. ಈಗಷ್ಟೇ ಒಂದು ವಿಮಾನ ಹೋಯಿತು, ಅವರಿಗೆ ಎಚ್ಚರವಾಗಲಿಲ್ಲ.

ಶೂ ಬಾಗಿಲಲ್ಲೇ ಇದೆ ಅಪ್ಪ.

ನಿನ್ನ ಮಗಳು,
ಸುಮಾ